ಷಾನ ಸಾಲ, ಭದ್ರೆಯ ಹೂಳು: ಕುದುರೆಮುಖದಿಂದ ನೋಡಿದಾಗ ದುರಂತದ ರಾಜಕಾರಣ

1975ರ ನವೆಂಬರ್ 4ರಂದು ಭಾರತ ಮತ್ತು ಇರಾನ್ ಒಂದು ಒಪ್ಪಂದ ಮಾಡಿಕೊಂಡವು. ಆಗ ಮೂಡಿಗೆರೆ ತಾಲ್ಲೂಕಿನಲ್ಲಿದ್ದ ಕುದುರೆಮುಖದ ಗುಡ್ಡಗಳನ್ನು ಅಗೆದು, ಅಲ್ಲಿನ ಕಬ್ಬಿಣದ ಅದಿರನ್ನು ಹಸನುಮಾಡಿ, 21 ವರ್ಷಗಳಲ್ಲಿ 15 ಕೋಟಿ ಟನ್ ಇರಾನಿಗೆ ಕಳಿಸಬೇಕು. ಗಣಿ, ಕಾರ್ಖಾನೆ ಎಲ್ಲ ಸೇರಿದ ಯೋಜನೆಗೆ ಇರಾನ್ 63 ಕೋಟಿ ಡಾಲರ್ ಸಾಲ ಕೊಡಬೇಕು. ಗುಡ್ಡ ಅಗೆದದ್ದಾಯಿತು, ಮಂಗಳೂರಿನವರೆಗೆ ಕೊಳವೆ ಹಾಕಿದ್ದಾಯಿತು, ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿದದ್ದೂ ಆಯಿತು. ಒಪ್ಪಂದದ ಅದಿರನ್ನು ಒಯ್ಯಲು ಮಾತ್ರ ಇರಾನ್ ಬರಲಿಲ್ಲ.

ಕಳಸದ ಸುತ್ತಿನಲ್ಲಿ ಈ ಕಥೆಗೆ ಒಂದೇ ರೂಪವಿಲ್ಲ. ಗಣಿಯ 'ಕಂಪನಿ'ಯಲ್ಲಿ ಕೆಲಸ ಮಾಡಿದವರಿಗೆ ಅದು ಕಣ್ಣೆದುರೇ ಬರಿದಾದ ಊರಿನ ಕಥೆ. ಹೊಳೆಯ ಕೆಳಗಿನವರಿಗೆ ಹೂಳಿನ ಕಥೆ. ಕಾಡಿನೊಳಗಿನ ಮಲೆಕುಡಿಯರಿಗೆ ಹಕ್ಕುಪತ್ರದ ಕಥೆ. ಮೂವರನ್ನೂ ಒಂದೆಡೆ ಕೂರಿಸಿ ಕೇಳಿದರೆ ಯಾರ ಮಾತನ್ನೂ ಸುಳ್ಳೆನ್ನಲಾಗದು.

ದೇಶದೇಶಗಳ ನಡುವಿನ ವ್ಯವಹಾರದಲ್ಲಿ ಕೈ ಕೊಳೆಯಾಗದ ಆಯ್ಕೆ ಎಂಬುದು ಇದೆಯೇ? ಇಲ್ಲವಾದರೆ, 'ಬೇರೆ ದಾರಿ ಇರಲಿಲ್ಲ' ಎನ್ನುವ ಆಳುವವರ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು? ಉಕ್ರೇನ್ ಮತ್ತು ಗಾಜಾದ ಯುದ್ಧಗಳ ನಂತರ ಜಗತ್ತಿನಾದ್ಯಂತ ಮತ್ತೆ ಬಿಸಿಯೇರಿರುವ ಚರ್ಚೆ ಇದು. ನಮ್ಮ ಕಾಫಿ ಗುಡ್ಡಗಳಲ್ಲಿ ಈ ಪ್ರಶ್ನೆಗೆ ಅರ್ಧ ಶತಮಾನದ ಇತಿಹಾಸವಿದೆ.

ಪಾರಸಿಕರ ಸೋಲು

ರಾಜಕಾರಣವನ್ನು ದುರಂತವಾಗಿ ನೋಡುವ ಕ್ರಮ ಗ್ರೀಕರಿಂದ ಬಂದದ್ದೆಂದು ಹೇಳುವುದು ರೂಢಿ. ಈಸ್ಕಿಲಸ್ ತನ್ನ ಊರಿನ ಮೇಲೆ ದಂಡೆತ್ತಿ ಬಂದ ಪರ್ಷಿಯನ್ನರ ಸೋಲನ್ನು ಪರ್ಷಿಯನ್ನರ ಅರಮನೆಯಲ್ಲೇ ನಿಂತು ನೋಡಿದ. ಗೆದ್ದವರ ಮುಂದೆ ಸೋತವರ ಅಳುವನ್ನು ಆಡಿಸಿದ. ಆ ನಾಟಕವನ್ನು ಬಿ.ಎಂ. ಶ್ರೀಕಂಠಯ್ಯನವರು 1935ರಲ್ಲಿ 'ಪಾರಸಿಕರು' ಎಂದು ಕನ್ನಡಕ್ಕೆ ತಂದರು. ಅದಕ್ಕೂ ಮೊದಲು ರನ್ನನ ಕಾವ್ಯದಿಂದ 'ಗದಾಯುದ್ಧ ನಾಟಕಂ' ಕಟ್ಟಿ, ದುರ್ಯೋಧನನನ್ನು ರಂಗದ ನಡುವೆ ನಿಲ್ಲಿಸಿದ್ದರು. ಶತ್ರುವಿನ ಅಳುವಿಗೆ ಕಿವಿಗೊಡುವ ಶಿಕ್ಷಣ ಹೀಗೆ ಕನ್ನಡಕ್ಕೆ ಎರಡು ಕಡೆಯಿಂದ ಸಿಕ್ಕಿತು. ಗೆದ್ದ ರಾಜನ ಆಸ್ಥಾನದಲ್ಲಿ ಕೂತು ಸೋತವನ ಛಲಕ್ಕೆ ಮರುಗಿದ ರನ್ನ ಯಾವ ಗ್ರೀಕನ ಶಿಷ್ಯನೂ ಅಲ್ಲ.

ಮಹಾಭಾರತವಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಶಾಂತಿಪರ್ವದ ಆಪದ್ಧರ್ಮ ಪ್ರಕರಣ ಸಂಕಟದ ಕಾಲದಲ್ಲಿ ರಾಜನಿಗೆ ಸಡಿಲ ಕೊಡುತ್ತದೆ. ಸ್ತ್ರೀಪರ್ವದಲ್ಲಿ ಗಾಂಧಾರಿ ಆ ಸಡಿಲದ ಬೆಲೆ ಕೇಳುತ್ತಾಳೆ. ತಡೆಯಬಲ್ಲವನಾಗಿದ್ದೂ ತಡೆಯಲಿಲ್ಲ ಎಂಬುದು ಕೃಷ್ಣನ ಮೇಲೆ ಅವಳ ಆರೋಪ. ಕೃಷ್ಣ ವಾದಕ್ಕೆ ನಿಲ್ಲದೆ ಶಾಪವನ್ನು ಒಪ್ಪಿಕೊಳ್ಳುತ್ತಾನೆ. ಆಧುನಿಕ ರಾಜನೀತಿಯ ಪಂಡಿತರು ಗ್ರೀಕ್ ಇತಿಹಾಸಕಾರ ಥುಸಿಡಿಡೀಸನನ್ನು ಉದ್ಧರಿಸಿದಷ್ಟು ಈ ದೃಶ್ಯವನ್ನು ಉದ್ಧರಿಸುವುದಿಲ್ಲ. ನಷ್ಟ ಅವರದೇ.

ಒಪ್ಪುವವರು, ಒಪ್ಪದವರು

ಇಪ್ಪತ್ತನೆಯ ಶತಮಾನದಲ್ಲಿ ಈ ಚಿಂತನೆಗೆ ಬುನಾದಿ ಹಾಕಿದವರು ಯುದ್ಧಗಳನ್ನು ಕಂಡವರು. 1919ರಲ್ಲಿ ಮ್ಯಾಕ್ಸ್ ವೇಬರ್ ಮ್ಯೂನಿಕ್‌ನ ವಿದ್ಯಾರ್ಥಿಗಳ ಎದುರು ಎರಡು ನೀತಿಗಳನ್ನು ಬೇರ್ಪಡಿಸಿದ: ನಂಬಿದ್ದನ್ನು ಫಲ ಏನಾದರೂ ಆಗಲೆಂದು ನಡೆಸುವುದು ಒಂದು, ಮುಂದಾಗುವುದಕ್ಕೆ ತಾನೇ ಹೊಣೆ ಎಂದು ಅಳೆದು ನಡೆಯುವುದು ಇನ್ನೊಂದು. ಹಿಟ್ಲರನ ಜರ್ಮನಿಯ ಕಾರಣಕ್ಕೆ ನೆಲೆ ಕಳೆದುಕೊಂಡ ಹ್ಯಾನ್ಸ್ ಮಾರ್ಗೆಂಥೌ 1946ರಲ್ಲಿ, ವಿಜ್ಞಾನದ ಲೆಕ್ಕಾಚಾರದಿಂದ ಅಧಿಕಾರದ ಕೇಡನ್ನು ಕಳೆಯಬಹುದೆಂಬ ನಂಬಿಕೆಯನ್ನೇ ಟೀಕಿಸಿದ. ಹೆಚ್ಚೆಂದರೆ ಕಡಿಮೆ ಕೇಡನ್ನು ಆರಿಸಬಹುದು, ಆರಿಸಿದ ಮೇಲೂ ಅದು ಕೇಡೇ ಎಂಬುದು ಅವನ ನಿಲುವು. ಇತ್ತೀಚೆಗೆ, 2023ರಲ್ಲಿ, ರಾಬರ್ಟ್ ಕ್ಯಾಪ್ಲನ್ ಇದೇ ದಾರಿಯಲ್ಲಿ ಒಂದು ಪುಸ್ತಕ ಬರೆದ. ಇರಾಕ್ ಯುದ್ಧವನ್ನು ಬೆಂಬಲಿಸಿ ಆಮೇಲೆ ಕೊರಗಿದವನು ಅವನು. ಆಳುವವರು ಭಯದಿಂದ, ದುರಂತದ ಮುನ್ನರಿವಿನಿಂದ ಯೋಚಿಸಬೇಕು ಎನ್ನುತ್ತಾನೆ.

ರೈನ್‌ಹೋಲ್ಡ್ ನೀಬೂರ್ ಇನ್ನೂ ಸೂಕ್ಷ್ಮ. 1952ರ ತನ್ನ ಪುಸ್ತಕದಲ್ಲಿ ಅವನು ದುರಂತವನ್ನೂ ವ್ಯಂಗ್ಯವನ್ನೂ ಬೇರೆಯಾಗಿಸುತ್ತಾನೆ. ಒಂದು ಒಳಿತಿಗಾಗಿ ಗೊತ್ತಿದ್ದೂ ಒಂದು ಕೇಡನ್ನು ಮಾಡಬೇಕಾಗಿ ಬಂದರೆ ಅದು ದುರಂತ. ತನ್ನ ಶಕ್ತಿ ಎಂದು ತಿಳಿದದ್ದೇ ತನ್ನನ್ನು ಕೆಡವಿದರೆ ಅದು ವಿಧಿಯ ವ್ಯಂಗ್ಯ. ಅಲ್ಲಿ ಕೆಡವಿಕೊಂಡವನ ಪಾಲೂ ಇರುತ್ತದೆ.

ಒಪ್ಪದವರ ಸಾಲೂ ಉದ್ದವಿದೆ. ಜೂಡಿತ್ ಷ್ಕ್ಲಾರ್ 1990ರಲ್ಲಿ ಎತ್ತಿದ ಪ್ರಶ್ನೆ ನನಗೆ ಎಲ್ಲಕ್ಕಿಂತ ಹರಿತವಾಗಿ ಕಾಣುತ್ತದೆ. ಒಂದು ನಷ್ಟವನ್ನು ದುರದೃಷ್ಟ ಎನ್ನಬೇಕೋ ಅನ್ಯಾಯ ಎನ್ನಬೇಕೋ ಎಂದು ತೀರ್ಮಾನಿಸುವವರು ಯಾರು? ಸಾಮಾನ್ಯವಾಗಿ ನಷ್ಟ ಅನುಭವಿಸದವರು. ಮಾರ್ಥಾ ನುಸ್ಬಾಂ ದುರಂತದ ಸಂದಿಗ್ಧವನ್ನು ಒಪ್ಪುತ್ತಾಳೆ, ಆದರೆ ಅಲ್ಲಿಗೇ ನಿಲ್ಲುವುದಿಲ್ಲ: ಇಂಥ ಇಕ್ಕಟ್ಟಿಗೆ ಮನುಷ್ಯರು ಸಿಕ್ಕಿಕೊಳ್ಳದ ಹಾಗೆ ವ್ಯವಸ್ಥೆಯನ್ನು ಮೊದಲೇ ಕಟ್ಟಬಹುದಿತ್ತೇ ಎಂದು ಕೇಳುತ್ತಾಳೆ. ಮೈಕೆಲ್ ವಾಲ್ಜರ್ 1973ರಲ್ಲಿ 'ಕೊಳೆಯಾದ ಕೈ'ಗಳ ಬಗ್ಗೆ ಬರೆದದ್ದು ಈ ಎರಡು ಬಣಗಳ ನಡುವಿನ ಮಾತು. ಕೆಲವೊಮ್ಮೆ ತಪ್ಪು ಮಾಡಲೇಬೇಕಾದೀತು. ಮಾಡಿದವನು ಅದನ್ನು ತಪ್ಪೆಂದು ಒಪ್ಪಿ ತೆರಬೇಕು. ಎಡಪಂಥೀಯರಿಗೆ ಈ ಇಡೀ ಚರ್ಚೆಯೇ ಒಂದು ಮುಸುಕು. ಯಾರ ಗುಡ್ಡ, ಯಾರ ಉಕ್ಕು, ಯಾರ ಲಾಭ ಎಂದು ಕೇಳಿದರೆ ದುರಂತವೆಲ್ಲ ಕರಗಿ ಸುಲಿಗೆ ಉಳಿಯುತ್ತದೆ ಎನ್ನುತ್ತಾರೆ.

ಈ ವಾದಗಳೆಲ್ಲ ಕುದುರೆಮುಖದಲ್ಲಿ ಒಂದೊಂದು ತುಣುಕಿಗೆ ಹೊಂದುತ್ತವೆ. ಇಡೀ ಕಥೆಗೆ ಹೊಂದುವ ವಾದ ಯಾವುದೂ ಇಲ್ಲ.

ಎರಡು ಗಾಬರಿಗಳ ಒಪ್ಪಂದ

ಅದಿರು ಇರುವುದು 1913ರಿಂದಲೇ ಗೊತ್ತಿತ್ತು. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದ್ದರು. ಅದು ಕಡಿಮೆ ಸತ್ವದ ಮ್ಯಾಗ್ನೆಟೈಟ್. ಪುಡಿಮಾಡಿ, ತೊಳೆದು, ಕಬ್ಬಿಣದ ಪಾಲನ್ನು ಹೆಚ್ಚಿಸಿದರೆ ಮಾತ್ರ ಮಾರುಕಟ್ಟೆಗೆ ಸಲ್ಲುತ್ತದೆ. ಅದಕ್ಕೆ ಅಪಾರ ನೀರು, ವಿದ್ಯುತ್ತು, ಎಲ್ಲಕ್ಕಿಂತ ಹೆಚ್ಚಾಗಿ ಹಣ ಬೇಕು. ಆ ಹಣ ಸಿಗದೆ ಗುಡ್ಡ ಆರು ದಶಕ ಸುಮ್ಮನಿತ್ತು.

ಹಣ ಬಂದದ್ದು 1973ರ ತೈಲ ಬಿಕ್ಕಟ್ಟಿನಿಂದ. ತೈಲದ ಬೆಲೆ ನಾಲ್ಕು ಪಟ್ಟಾದಾಗ ಭಾರತದ ವಿದೇಶಿ ವಿನಿಮಯ ಬರಿದಾಗುತ್ತಿತ್ತು, ಇರಾನಿನ ಬೊಕ್ಕಸ ಉಕ್ಕುತ್ತಿತ್ತು. 1971ರ ಯುದ್ಧದಲ್ಲಿ ಪಾಕಿಸ್ತಾನದ ಕಡೆಗಿದ್ದ ಇರಾನಿನ ದೊರೆ ಷಾ ಮಹಮ್ಮದ್ ರೆಜಾ ಪಹ್ಲವಿಯ ಮನೆಗೆ ಇಂದಿರಾ ಗಾಂಧಿ 1974ರಲ್ಲಿ ಹೋದರು. ಅದೇ ವರ್ಷ ಷಾ ದೆಹಲಿಗೆ ಬಂದ. ಇರಾನ್ ಸಾಲದ ಮೇಲೆ ತೈಲ ಕೊಟ್ಟಿತು. ತನ್ನ ದೇಶವನ್ನು ಉಕ್ಕಿನ ದೇಶವಾಗಿಸುವ ಕನಸು ಷಾನದು, ಅದಕ್ಕೆ ಅದಿರು ಬೇಕು. ಕುದುರೆಮುಖ ಹುಟ್ಟಿದ್ದು ಈ ಲೆಕ್ಕದಲ್ಲಿ.

ಒಪ್ಪಂದದ ದಿನ ಎರಡೂ ಕಡೆ ಹೇಗಿತ್ತೆಂದು ನೆನೆಯಬೇಕು. ಭಾರತದಲ್ಲಿ ತುರ್ತುಪರಿಸ್ಥಿತಿ ಬಂದು ನಾಲ್ಕು ತಿಂಗಳು ದಾಟಿತ್ತು; ಪತ್ರಿಕೆಗಳಿಗೆ ಕತ್ತರಿ ಬಿದ್ದಿತ್ತು. ಇರಾನಿನಲ್ಲಿ ಷಾ ಆ ವರ್ಷದ ಮಾರ್ಚಿನಲ್ಲೇ ಎಲ್ಲ ಪಕ್ಷಗಳನ್ನು ಮುಚ್ಚಿ ಒಂದೇ ಪಕ್ಷ ಉಳಿಸಿಕೊಂಡಿದ್ದ. ಕೇಳುವವರ ಬಾಯಿ ಎರಡೂ ಕಡೆ ಕಟ್ಟಿತ್ತು. ದೇಶದ ಹಿತದೃಷ್ಟಿಯಿಂದ ಆ ಒಪ್ಪಂದ ತಪ್ಪಲ್ಲ, ಬೇಕಾಗಿಯೇ ಇತ್ತು ಎಂದು ಮಾರ್ಗೆಂಥೌನ ಶಿಷ್ಯರು ವಾದಿಸಬಹುದು. ನಾನೂ ಅರ್ಧ ಒಪ್ಪುತ್ತೇನೆ. ಆದರೆ ಆಳುವವರು ಎದುರು ಮಾತನ್ನು ತಾವೇ ಮುಚ್ಚಿಸಿ ಆಮೇಲೆ 'ಅನಿವಾರ್ಯವಾಗಿತ್ತು' ಎಂದರೆ ಆ ಅನಿವಾರ್ಯತೆಯ ಮೇಲೆ ಅನುಮಾನ ಪಡಲೇಬೇಕಾಗುತ್ತದೆ.

1976ರ ಏಪ್ರಿಲಿನಲ್ಲಿ ಗಣಿ ನಡೆಸಲು ಸರ್ಕಾರಿ ಕಂಪನಿ ಸ್ಥಾಪನೆಯಾಯಿತು. ಬೆಟ್ಟದ ಮಳೆಯಲ್ಲಿ, ಸಾವಿರಾರು ಕೆಲಸಗಾರರ ದುಡಿಮೆಯಲ್ಲಿ, ಹೇಳಿದ ವೇಳೆಗೆ 1980ರ ಆಗಸ್ಟಿನಲ್ಲಿ ಘಟಕ ಸಿದ್ಧವಾಯಿತು. ಸರ್ಕಾರಿ ಯೋಜನೆಗಳಲ್ಲಿ ಇದು ಅಪರೂಪ. ಆ ತಂತ್ರಜ್ಞರ ಹೆಮ್ಮೆಗೆ ಕಾರಣವಿದೆ. ಅಷ್ಟರಲ್ಲಿ ಗಿರಾಕಿಯೇ ಇರಲಿಲ್ಲ. 1979ರ ಕ್ರಾಂತಿಯಲ್ಲಿ ಷಾ ದೇಶ ಬಿಟ್ಟು ಓಡಿದ್ದ, 25.5 ಕೋಟಿ ಡಾಲರ್ ಕೊಟ್ಟ ಮೇಲೆ ಇರಾನಿನ ಸಾಲದ ಕಂತು ನಿಂತಿತು. ಘಟಕ ಸಿದ್ಧವಾದ ಮರುತಿಂಗಳೇ ಇರಾಕ್–ಇರಾನ್ ಯುದ್ಧ ಶುರುವಾಯಿತು. 1971ರಲ್ಲಿ ಪರ್ಸೆಪೊಲಿಸ್‌ನ ಅವಶೇಷಗಳ ನಡುವೆ ಎರಡೂವರೆ ಸಾವಿರ ವರ್ಷದ ರಾಜಪರಂಪರೆಯ ಉತ್ಸವ ಮಾಡಿಸಿದ್ದ ದೊರೆಯ ಪತನ ಇದು. 'ಪಾರಸಿಕರು' ಓದಿದ ಕನ್ನಡಿಗರಿಗೆ ಈ ಕಥೆ ಹೊಸದಾಗಿ ಕಾಣಲಾರದು.

ಈ ಭಾಗವನ್ನು ದುರಂತ ಎನ್ನುವುದಕ್ಕಿಂತ ನೀಬೂರ್ ಹೇಳಿದ ವ್ಯಂಗ್ಯ ಎಂದರೆ ಸರಿ. ಒಬ್ಬನೇ ಗಿರಾಕಿ, ಒಬ್ಬನೇ ಸಾಲ ಕೊಡುವವ, ಆ ದೇಶಕ್ಕೆ ಒಬ್ಬನೇ ಒಡೆಯ: ಒಪ್ಪಂದ ಬೇಗ ಆದದ್ದು ಇದರಿಂದಲೇ, ಮುರಿದದ್ದೂ ಇದರಿಂದಲೇ. ಕಂಪನಿ ಆಮೇಲೆ ಬೇರೆ ದೇಶಗಳಲ್ಲಿ ಗಿರಾಕಿ ಹುಡುಕಿಕೊಂಡು, ಮಂಗಳೂರಿನಲ್ಲಿ ಪೆಲೆಟ್ ಘಟಕ ಕಟ್ಟಿ ಬದುಕಿತು. ಗುಡ್ಡ ಮಾತ್ರ ಯಾರಿಗಾಗಿ ತೆರೆಯಿತೋ ಅವರಿಲ್ಲದೆ ಕರಗುತ್ತ ಹೋಯಿತು.

ಎರಡು ನ್ಯಾಯಗಳ ಜಗಳ

ಗ್ರೀಕ್ ನಾಟಕದ ಆಂಟಿಗನೆಯ ಕಥೆಯನ್ನು ಓದಿದ ಹೆಗೆಲ್, ನಿಜವಾದ ದುರಂತದಲ್ಲಿ ಸರಿಗೂ ಸರಿಗೂ ನಡುವೆ ಜಗಳ ಎಂದ. ಕುದುರೆಮುಖದಲ್ಲಿ ಆ ಜಗಳ 1980ರ ದಶಕದಲ್ಲಿ ಶುರುವಾಗಿ 2002ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು.

ಒಂದು ಕಡೆ ಶೋಲಾ ಕಾಡು, ಹುಲ್ಲುಗಾವಲು, ಸಿಂಹಬಾಲದ ಕೋತಿ ಅಥವಾ ಸಿಂಗಳೀಕ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ನೆಲ. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸುವ ಅಧಿಸೂಚನೆ ಬಂತು. ಗಣಿ ಅದರ ನಡುವೆಯೇ ಇತ್ತು. ಜಲಾನಯನದ ತೀರ ಚಿಕ್ಕ ಭಾಗವಾದ ಗಣಿ ಪ್ರದೇಶದಿಂದಲೇ ಭದ್ರೆಯ ಹೂಳಿನ ದೊಡ್ಡ ಪಾಲು ಬರುತ್ತಿದೆ ಎಂದು ಸಂಶೋಧಕರು ಅಳೆದು ತೋರಿಸಿದರು. ಹೂಳು ಇಳಿಯುವುದು ಲಕ್ಕವಳ್ಳಿಯ ಅಣೆಕಟ್ಟೆಗೆ. ಆ ನೀರನ್ನು ನಂಬಿದ್ದು ದಾವಣಗೆರೆ, ಶಿವಮೊಗ್ಗದ ಗದ್ದೆ ತೋಟಗಳು.

ಇನ್ನೊಂದು ಕಡೆ ಆಸ್ಪತ್ರೆ, ಶಾಲೆ, ವಸತಿಗೃಹಗಳಿದ್ದ ಒಂದು ಪೂರಾ ಊರು. ಕಳಸದ ಪೇಟೆಯ ವ್ಯಾಪಾರದ ಒಂದು ಭಾಗ ಅದರ ಮೇಲೆ ನಿಂತಿತ್ತು. ಸುತ್ತಿನ ಹಳ್ಳಿಯವರು ಹೆರಿಗೆಗೂ ಜ್ವರಕ್ಕೂ ಕಂಪನಿಯ ಆಸ್ಪತ್ರೆಗೇ ಹೋಗುತ್ತಿದ್ದರು. ಘಟ್ಟದ ಮೇಲಿನ ಆ ಸೌಕರ್ಯವನ್ನು ಅನುಭವಿಸದವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಮೂವತ್ತು ವರ್ಷದ ಗುತ್ತಿಗೆ 1999ರ ಜುಲೈನಲ್ಲಿ ಮುಗಿದು, ತಾತ್ಕಾಲಿಕ ಅನುಮತಿಗಳ ಮೇಲೆ ಗಣಿ ಮುಂದುವರಿಯಿತು. ಹೊಸ ಗುಡ್ಡಗಳ ಮೇಲೂ ಕಂಪನಿಯ ಕಣ್ಣಿತ್ತು. ನಾಗರಹೊಳೆಯ ಮಾಜಿ ವಲಯ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರ ಹೆಸರಿನ ಮೊಕದ್ದಮೆಯಲ್ಲಿ 2002ರ ಅಕ್ಟೋಬರ್ 30ರಂದು ತೀರ್ಪು ಬಂತು. ಆಗಲೇ ಅಗೆದಿದ್ದ ಜಾಗದಲ್ಲಿ ಮಾತ್ರ, 2005ರ ಕೊನೆಯವರೆಗೆ ಮಾತ್ರ ಗಣಿ ನಡೆಯಬಹುದು. 2005ರ ಡಿಸೆಂಬರ್ 31ಕ್ಕೆ ಕೆಲಸ ನಿಂತಿತು.

ಇದು ಒಳ್ಳೆಯ ತೀರ್ಪು ಎಂದೇ ನನ್ನ ಅಭಿಪ್ರಾಯ. ಒಳ್ಳೆಯ ತೀರ್ಪೂ ಒಂದು ಊರನ್ನು ಮುಚ್ಚಬಲ್ಲದು ಎಂಬ ಮಾತನ್ನು ಅದರ ಪಕ್ಕದಲ್ಲೇ ಇಡಬೇಕು.

ದುರಂತವೆಂದರೆ ಒಪ್ಪದವರು

ಕಾಡಿನೊಳಗಿನ ಮಲೆಕುಡಿಯರು, ಗೌಡಲು ಜನ, ಸಣ್ಣ ರೈತರು ಗಣಿಯ ಒಪ್ಪಂದದಲ್ಲೂ ಇರಲಿಲ್ಲ, ಉದ್ಯಾನದ ಅಧಿಸೂಚನೆಯಲ್ಲೂ ಇರಲಿಲ್ಲ. ಗಣಿಗೆ ಗುಡ್ಡ ತೆರೆದು ಕೊಟ್ಟ ಸರ್ಕಾರವೇ ಕೆಲವು ವರ್ಷಗಳ ನಂತರ, ಕಾಡು ಉಳಿಸಬೇಕು, ನೀವು ಹೊರಡಿ ಎಂದಿತು. ಇದೇ ಚಿಕ್ಕಮಗಳೂರು ಜಿಲ್ಲೆಯ ಮುತ್ತೋಡಿಯ ಕಾಡಿನ ಕಡೆಯಿಂದ ಎದ್ದ ಹಳ್ಳಿಗಳಿಗೆ ಎಂ.ಸಿ. ಹಳ್ಳಿ ಮತ್ತು ಕೆಳಗೂರಿನಲ್ಲಿ ಭೂಮಿ ಕೊಟ್ಟದ್ದನ್ನು ಅರಣ್ಯ ಇಲಾಖೆ ಮಾದರಿ ಎನ್ನುತ್ತದೆ. ಕುದುರೆಮುಖದ ಸುತ್ತ ಅಂಥ ನಂಬಿಕೆ ಹುಟ್ಟಲಿಲ್ಲ.

ಆ ಬಿರುಕಿನಲ್ಲಿ ನಕ್ಸಲರು ನೆಲೆ ಕಂಡರು. 2003ರ ನವೆಂಬರಿನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2005ರ ಫೆಬ್ರುವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಕಾಡಿನಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತ. ಕರ್ನಾಟಕದ ಜನರ ಇತಿಹಾಸ ಬರೆದ, ಪತ್ರಿಕೋದ್ಯಮ ಓದಿದ ಮೈಸೂರಿನವನು. ಕೆಲವೇ ದಿನಗಳಲ್ಲಿ ಪಾವಗಡದ ಬಳಿ ಶಾಲೆಯೊಂದರಲ್ಲಿ ತಂಗಿದ್ದ ಪೊಲೀಸರನ್ನು ನಕ್ಸಲರು ಕೊಂದರು. ಸತ್ತವರು ಬಡವರ ಮನೆಯ ಮಕ್ಕಳೇ. ಮಾಹಿತಿ ಕೊಟ್ಟರೆಂಬ ಅನುಮಾನಕ್ಕೆ ಹಳ್ಳಿಯವರೂ ಬಲಿಯಾದರು. ಸುಲಿಗೆಯನ್ನು ಸರಿಯಾಗಿ ಗುರುತಿಸಿದ ಎಡವಾದ, ತಾನು ಹಿಡಿದ ಬಂದೂಕಿನ ಹೊಣೆಯನ್ನು ಅಷ್ಟೇ ಸ್ಪಷ್ಟವಾಗಿ ಹೇಳಲಿಲ್ಲ. ವೇಬರ್ ವಿದ್ಯಾರ್ಥಿಗಳಿಗೆ ಎಚ್ಚರಿಸಿದ್ದು ಇದನ್ನೇ.

2024ರ ನವೆಂಬರಿನಲ್ಲಿ ಹೆಬ್ರಿ ಸಮೀಪದ ಕಬ್ಬಿನಾಲೆಯಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಹತನಾದ. 2025ರ ಜನವರಿಯಲ್ಲಿ ಮುಂಡಗಾರು ಲತಾ ಸೇರಿ ಆರು ಮಂದಿ ನಕ್ಸಲರು ಮುಖ್ಯಮಂತ್ರಿಯ ಎದುರು ಶರಣಾದರು. ಬಂದೂಕಿನ ಅಧ್ಯಾಯ ಮುಗಿದಂತಿದೆ. ಅವರ ಬೇಡಿಕೆಗಳಲ್ಲಿ ಕಾಡಿನ ಜನರ ಭೂಮಿ, ರಸ್ತೆ, ಶಾಲೆಗಳ ಹಳೆಯ ಮಾತುಗಳೇ ಇದ್ದವು.

ಷ್ಕ್ಲಾರ್‌ಳ ಪ್ರಶ್ನೆ ನಿಲ್ಲುವುದು ಇಲ್ಲಿ. ಗಣಿಯೋ ಕಾಡೋ ಎಂಬ ಆಯ್ಕೆಯನ್ನು ದುರಂತ ಎನ್ನೋಣ. ಈ ಕುಟುಂಬಗಳನ್ನು ಎರಡೂ ಸಲ ಕೇಳದೆ ಬಿಟ್ಟದ್ದನ್ನು ಆ ಹೆಸರಿನಿಂದ ಕರೆದರೆ ಅಧಿಕಾರಿಗಳಿಗೆ ಸುಲಭವಾಗಿ ಬಿಡುಗಡೆ ಸಿಗುತ್ತದೆ. ಕೇಳುವುದಕ್ಕೆ ಯಾವ ಜಾಗತಿಕ ಶಕ್ತಿಯೂ ಅಡ್ಡ ಬಂದಿರಲಿಲ್ಲ.

ಕಾಫಿಗೂ ಒಂದು ಶೀತಲ ಸಮರ

ಗಣಿಯ ಮಾತಾಡುವಾಗ ಕಾಫಿ ಬೆಳೆಗಾರರು ತಮ್ಮನ್ನು ಹೊರಗಿನವರೆಂದು ತಿಳಿಯುವುದುಂಟು. ಆದರೆ ಇಲ್ಲಿನ ತೋಟಗಳ ನೆಮ್ಮದಿಯೂ ದೂರದ ರಾಜಧಾನಿಗಳಲ್ಲಿ ಕಟ್ಟಿದ್ದೇ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿದ್ದರಿಂದ ಬೆಳೆಯನ್ನೆಲ್ಲ ಒಟ್ಟುಗೂಡಿಸಿ ಮಾರುವ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಬಂತು. 1942ರ ಕಾಯ್ದೆ ಅದನ್ನು ಗಟ್ಟಿಮಾಡಿತು. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದಕ್ಕೆ ಅಮೆರಿಕ ಸೇರಿದ್ದರ ಹಿಂದೆ, ಕ್ಯೂಬಾದ ಕ್ರಾಂತಿಯ ನಂತರ ಲ್ಯಾಟಿನ್ ಅಮೆರಿಕದ ಬಡ ಬೆಳೆಗಾರರು ಕೆಂಪಾಗಬಾರದೆಂಬ ಲೆಕ್ಕ ಇತ್ತು. ಇತ್ತ ಸೋವಿಯತ್ ಒಕ್ಕೂಟ ರೂಪಾಯಿ ವ್ಯಾಪಾರದಲ್ಲಿ ನಮ್ಮ ಕಾಫಿ ಕೊಳ್ಳುತ್ತಿತ್ತು. ಶತ್ರುಗಳಿಬ್ಬರ ಜಗಳದಲ್ಲಿ ಮೂಡಿಗೆರೆಯ ಕಾಫಿಗೆ ಎರಡೂ ಕಡೆಯಿಂದ ಆಸರೆ. 1989ರ ಜುಲೈನಲ್ಲಿ ಕಾಫಿ ಒಪ್ಪಂದದ ರಫ್ತು ಕೋಟಾ ಮುರಿಯಿತು, ಬೆಲೆ ಕುಸಿಯಿತು. 1991ರಲ್ಲಿ ಸೋವಿಯತ್ ಗಿರಾಕಿಯೂ ಇಲ್ಲವಾದ. ಜಗತ್ತು ಶೀತಲ ಸಮರದ ಅಂತ್ಯವನ್ನು ಸಂಭ್ರಮಿಸಿದಾಗ ಮಲೆನಾಡಿನ ಬ್ಯಾಂಕುಗಳಲ್ಲಿ ಸಾಲದ ನೋಟಿಸುಗಳು ತಯಾರಾಗುತ್ತಿದ್ದವು. (1994ರಲ್ಲಿ ಬ್ರೆಜಿಲಿನ ತೋಟಗಳ ಮೇಲೆ ಹಿಮ ಬಿದ್ದು ಬೆಲೆ ಏರಿದಾಗ ಇಲ್ಲಿ ಹೊಸ ಜೀಪುಗಳು ಬಂದವು. ಅಲ್ಲಿನವರ ಕಣ್ಣೀರಿನ ಬಗ್ಗೆ ಯಾವ ಬೆಳೆಗಾರರ ಸಭೆಯಲ್ಲೂ ಠರಾವು ಆದದ್ದನ್ನು ನಾನು ಕೇಳಿಲ್ಲ.)

ಈಗಿನ ಇಕ್ಕಟ್ಟು ಯುರೋಪಿನ ಅರಣ್ಯನಾಶ ತಡೆ ಕಾನೂನು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿ ಮಾರುವಂತಿಲ್ಲ. ತೋಟ ಎಲ್ಲಿದೆ ಎಂಬುದನ್ನು ನಕ್ಷೆಯ ಮೇಲೆ ತೋರಿಸಬೇಕು. ಉದ್ದೇಶ ಒಳ್ಳೆಯದು, ಜಾರಿಯ ದಿನ ಮತ್ತೆ ಮತ್ತೆ ಮುಂದಕ್ಕೆ ಹೋಗಿದೆ. ನೆರಳಿನ ಮರಗಳ ಕೆಳಗೆ ತಲೆಮಾರುಗಳಿಂದ ಬೆಳೆಯುತ್ತ ಬಂದ ಸಣ್ಣ ಹಿಡುವಳಿದಾರನಿಗೆ ಕಾಗದಪತ್ರವೇ ಕಷ್ಟ. ತನ್ನ ಕಾಡುಗಳನ್ನು ಹಿಂದೆಯೇ ಕಡಿದು ಶ್ರೀಮಂತವಾದ ಖಂಡಕ್ಕೆ ಈ ಷರತ್ತು ಹಾಕುವ ನೈತಿಕ ಹಕ್ಕಿದೆಯೇ? ಇಲ್ಲವೆಂದೇ ಇಟ್ಟುಕೊಂಡರೂ, ಆ ಷರತ್ತಿನಿಂದ ನಮ್ಮ ಕಾಡು ಉಳಿದರೆ ಬೇಡವೆನ್ನಬೇಕೇ? ಕುದುರೆಮುಖದ ಜಗಳವನ್ನು ಕಂಡ ಜಿಲ್ಲೆಗೆ ಈ ಪ್ರಶ್ನೆ ಅಪರಿಚಿತವೇನಲ್ಲ.

ತೀರದೆ ಉಳಿದವು

ಮೊದಲನೆಯದು ಬೈಲಾಡಿಲದ ಪ್ರಶ್ನೆ. ಕುದುರೆಮುಖದ ಗಣಿ ಮುಚ್ಚಿದ ಮೇಲೂ ಮಂಗಳೂರಿನ ಪೆಲೆಟ್ ಘಟಕ ನಿಲ್ಲಲಿಲ್ಲ. ಅದಕ್ಕೆ ಅದಿರು ಛತ್ತೀಸಗಡದ ಬಸ್ತರ್ ಸೀಮೆಯ ಬೈಲಾಡಿಲ ಬೆಟ್ಟಗಳಿಂದ ಹಡಗಿನಲ್ಲಿ ಬರತೊಡಗಿತು. ಅಲ್ಲೂ ಬೆಟ್ಟ, ಅಲ್ಲೂ ಕೆಂಪು ಹೊಳೆ, ಅಲ್ಲೂ ಆದಿವಾಸಿಗಳು. ಇಲ್ಲಿನ ನಕ್ಸಲ್ ಸಂಘರ್ಷಕ್ಕಿಂತ ಎಷ್ಟೋ ಪಟ್ಟು ದೊಡ್ಡದು ಅಲ್ಲಿ ನಡೆದಿದೆ. ನಮ್ಮ ಕಾಡಿನ ಗೆಲುವಿನಲ್ಲಿ ಬಸ್ತರಿನ ಪಾಲೆಷ್ಟು? ಪರಿಸರವಾದಿಗಳ ಬರಹಗಳಲ್ಲಿ ಈ ಲೆಕ್ಕ ನನಗೆ ವಿರಳವಾಗಿಯೇ ಸಿಕ್ಕಿದೆ. ಉಕ್ಕು ಬೇಡವೆನ್ನದ ದೇಶದಲ್ಲಿ ಒಂದು ಗುಡ್ಡವನ್ನು ಉಳಿಸುವುದೆಂದರೆ ಇನ್ನೊಂದನ್ನು ತೋರಿಸಿಕೊಡುವುದೇ ಎಂಬ ಪ್ರಶ್ನೆಗೆ ಹೌದು ಎನ್ನಲೂ ಇಲ್ಲ ಎನ್ನಲೂ ಸಾಕಷ್ಟು ಆಧಾರ ಇನ್ನೂ ಇಲ್ಲ.

ಎರಡನೆಯದು ಲಕ್ಯಾ ಅಣೆಕಟ್ಟೆ. ಅದಿರು ತೊಳೆದ ಕೆಸರನ್ನು ಹಿಡಿದಿಡಲು ಕಟ್ಟಿದ, ಸುಮಾರು ನೂರು ಮೀಟರ್ ಎತ್ತರದ ಈ ಕಟ್ಟೆ ಘಟ್ಟದ ಮಳೆಯ ಕೆಳಗೆ ನಿಂತೇ ಇದೆ. ಗಣಿಗೆ ಮೂವತ್ತು ವರ್ಷದ ಗುತ್ತಿಗೆ ಇತ್ತು. ಕೆಸರನ್ನು ಕಾಯುವ ಕೆಲಸಕ್ಕೆ ಅವಧಿಯೇ ಇಲ್ಲ. ಖಾಲಿ ಊರನ್ನು ಪ್ರವಾಸಿ ತಾಣ ಮಾಡಬೇಕೋ ಕಾಡಿಗೆ ಬಿಡಬೇಕೋ ಎಂಬ ವಾದ ಆಗಾಗ ಏಳುತ್ತದೆ. ಕಟ್ಟೆಯ ಹೊಣೆ ಐವತ್ತು ವರ್ಷಗಳ ನಂತರ ಯಾರದು ಎಂಬ ವಾದ ಅಷ್ಟು ಜೋರಾಗಿ ಏಳುವುದಿಲ್ಲ.

ಮೂರನೆಯದು, ಬೆಲೆ ತೆರುವ ಪ್ರಶ್ನೆ. ದುರಂತವಾದಿಗಳಲ್ಲಿ ಪ್ರಾಮಾಣಿಕರು ತಪ್ಪು ಮಾಡಿದವನು ತೆರಬೇಕೆನ್ನುತ್ತಾರೆ, ಹೇಗೆ ಎಂಬುದನ್ನು ಹೇಳುವುದಿಲ್ಲ. ಗಾಂಧಾರಿಗೆ ಕೃಷ್ಣ ಎದುರಿಗೇ ಸಿಕ್ಕಿದ್ದ. ಇಲ್ಲಿ ಸಹಿ ಹಾಕಿದವರು ದೆಹಲಿ, ತೆಹರಾನುಗಳಲ್ಲಿದ್ದರು, ಈಗ ಅವರಾರೂ ಅಧಿಕಾರದಲ್ಲಿಲ್ಲ. 2024ರಲ್ಲಿ ಇದೇ ಕಂಪನಿಯ ಸಂಡೂರಿನ ದೇವದಾರಿ ಗಣಿಯ ಕಡತಕ್ಕೆ ಕೇಂದ್ರ ಉಕ್ಕು ಸಚಿವರು ಸಹಿ ಹಾಕಿದಾಗ, ಕುದುರೆಮುಖದ ಹಳೆಯ ಬಾಕಿ ತೀರುವವರೆಗೆ ಅರಣ್ಯ ಭೂಮಿ ಬಿಟ್ಟುಕೊಡುವುದಿಲ್ಲವೆಂದು ರಾಜ್ಯದ ಅರಣ್ಯ ಇಲಾಖೆ ಅಡ್ಡ ನಿಂತಿತು. ಅರಣ್ಯಕ್ಕಾದ ಹಾನಿಗೆ ಹೀಗೆ ಕಡೆಗೂ ಒಂದು ಬಾಕಿ ಪಟ್ಟಿ ಸಿಕ್ಕಿದೆ, ಅದನ್ನು ಹಿಡಿದು ಕೇಳಲು ಒಂದು ಇಲಾಖೆಯೂ ಇದೆ. ಉದ್ಯಾನದ ಗಡಿಯೊಳಗಿನ ಕುಟುಂಬಗಳು ತಮ್ಮ ಬಾಕಿಯನ್ನು ಗಣಿ ತೆರೆದವರಿಂದ ಕೇಳಬೇಕೋ ಗಣಿ ಮುಚ್ಚಿಸಿದವರಿಂದ ಕೇಳಬೇಕೋ ಎಂಬುದನ್ನು ಕೋರ್ಟಾಗಲಿ ಸರ್ಕಾರವಾಗಲಿ ಇದುವರೆಗೆ ಇತ್ಯರ್ಥ ಮಾಡಿಲ್ಲ.